ಸಂಜೆ ಅಡುಗೆ ಯಾರ ಪಾಲಿಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯ ವಿಷಯವೇ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಉದ್ದ ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಅಕ್ಕಾ, ನಾನು ಶಾಲೆಯಲ್ಲಿ ಟೀಚರ್. ನಮ್ಮನೆಯವರು ಸರ್ಕಾರಿ ಆಫೀಸಿನಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಎರಡು ಪಲ್ಯ ಮಾಡಿ, ನಾಲ್ಕು ಡಬ್ಬಿ ಕಟ್ಟಿ ನಾನೂ ಓಡುತ್ತೇನೆ. ಸಂಜೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆಗೆ ಬರುತ್ತೇವೆ. ಅವರು ಟಿವಿ ಮುಂದೆ, ನಾನು ಒಲೆ ಮುಂದೆ. ಹಂಗಂತ ಅವರು ಕೆಟ್ಟವರಲ್ಲ. ‘ಏನ್ ಮಾಡ್ಬೇಕು ಹೇಳು, ಮಾಡ್ತೀನಿ’ ಅನ್ನುತ್ತಾರೆ. ಉಳ್ಳಾಗಡ್ಡಿ ಹೆಚ್ಚಿಕೊಡಿ ಅಂದರೆ ಹೆಚ್ಚಿಟ್ಟು ಹೋಗುತ್ತಾರೆ, ಮುಂದಿನದಕ್ಕೆ ಮತ್ತೆ ಕರೆಯಬೇಕು. ತಿಂಗಳಿಗೊಮ್ಮೆ ರವಿವಾರ ಪಲಾವ್ ಮಾಡುತ್ತಾರೆ, ಎಲ್ಲರೂ ಹೊಗಳುತ್ತಾರೆ, ಆಮೇಲೆ ಕಟ್ಟೆ ಒರೆಸಿ ಭಾಂಡೆ ತಿಕ್ಕುವವಳು ನಾನೇ. ಕೇಳಿದರೆ ‘ನಾನೂ ಮಾಡ್ತೀನಲ್ಲ’ ಅನ್ನುತ್ತಾರೆ. ಅವರ ಹತ್ತಿರ ನಾನು ಏನಂತ ಕೇಳಬೇಕು ಅನ್ನೋದೇ ತಿಳಿಯುತ್ತಿಲ್ಲ.
— ಓದುಗರು, ನವನಗರ, ಬಾಗಲಕೋಟೆ

ತಂಗೀ, ಕೇಳಬೇಕಾದ್ದು ಇಷ್ಟೇ: ವಾರದಲ್ಲಿ ಮೂರು ಸಂಜೆ ಅಡುಗೆ ಅವರದು. ಪೂರ್ತಿ ಅವರದು. ಇವತ್ತು ಏನು ಮಾಡೋದು ಅನ್ನುವ ಯೋಚನೆಯಿಂದ ಹಿಡಿದು, ಎಲ್ಲರೂ ಉಂಡ ಮೇಲೆ ಕಟ್ಟೆ ಒರೆಸಿ ಗ್ಯಾಸ್ ಬಂದ್ ಮಾಡುವವರೆಗೆ. ಉಳ್ಳಾಗಡ್ಡಿ ಹೆಚ್ಚುವುದನ್ನು ಕೇಳಲೇಬೇಡ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿನ್ನ ದಣಿವು ಬರೀ ಕೈಯದಲ್ಲ. ತೊಗರಿ ಬೇಳೆ ಎಷ್ಟಿದೆ, ರಾತ್ರಿ ಮಡಿಕೆ ಕಾಳು ನೆನೆ ಹಾಕಿದ್ನಾ, ಮೆಂತ್ಯ ಪಲ್ಯ ಇವತ್ತೇ ಮಾಡದಿದ್ದರೆ ನಾಳೆಗೆ ಹಳದಿ ಆಗುತ್ತದೆ, ಅತ್ತೆಗೆ ಖಾರ ಕಡಿಮೆ ಬೇಕು, ಸಣ್ಣವನು ಬದನೆಕಾಯಿ ಮುಟ್ಟಲ್ಲ, ಸಿಲಿಂಡರ್ ಹಚ್ಚಿ ಎಷ್ಟು ದಿನ ಆಯ್ತು, ಗಿರಣಿಗೆ ಜೋಳ ಯಾವತ್ತು ಕಳಿಸೋದು... ಶಾಲೆಯಲ್ಲಿ ಪಾಠ ಮಾಡುವಾಗಲೂ ಇದು ತಲೆಯ ಒಂದು ಮೂಲೆಯಲ್ಲಿ ಓಡುತ್ತಲೇ ಇರುತ್ತದೆ. ಇದನ್ನೆಲ್ಲ ನೀನೇ ಇಟ್ಟುಕೊಂಡು ಅವರ ಕೈಗೆ ಬರೀ ಚಾಕು ಕೊಟ್ಟರೆ ನಿನಗೆ ಒಂದು ಕೆಲಸ ಕಡಿಮೆ ಆಗಲ್ಲ, ಒಂದು ಜಾಸ್ತಿ ಆಗುತ್ತದೆ. ಅವರಿಗೆ ಕೆಲಸ ಹೇಳುವ ಕೆಲಸ. ಅವರು ಒಳ್ಳೆಯವರು, ಹೇಳಿದ್ದನ್ನು ಮಾಡುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದೇ ಮನುಷ್ಯ ಆಫೀಸಿನಲ್ಲಿ ‘ಮುಂದಿನ ಫೈಲ್ ಯಾವುದು’ ಅಂತ ಪ್ರತಿ ಸಲ ಪಕ್ಕದವರನ್ನು ಕೇಳುತ್ತಾ ಕೂರುವುದಿಲ್ಲ, ಅಲ್ವಾ? ಅಲ್ಲಿ ಕೆಲಸ ತನ್ನದು ಅಂತ ಗೊತ್ತಿದೆ. ಇಲ್ಲಿಯೂ ತನ್ನದು ಅಂತ ಗೊತ್ತಾದರೆ ಮಾಡುತ್ತಾರೆ.

ನಿನ್ನೊಬ್ಬಳ ಮನೆಯ ಕಥೆ ಇದು ಅಂದುಕೊಳ್ಳಬೇಡ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿಯವರು ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ದೇಶದ ತುಂಬ ಸಮೀಕ್ಷೆ ಮಾಡುತ್ತಾರೆ. 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. ನೂರು ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುವವರು ಸುಮಾರು 26 ಜನ ಮಾತ್ರ, ಹೆಂಗಸರಲ್ಲಿ 81. ಮತ್ತೆ 2024ರಲ್ಲಿ ಕೇಳಿದಾಗ ಹೆಂಗಸರದು 289, ಗಂಡಸರದು 88. ಇಬ್ಬರದೂ ಹತ್ತು ಹತ್ತು ನಿಮಿಷದಷ್ಟು ಇಳಿದಿದೆ, ನಡುವಿನ ಅಂತರ ಹಾಗೇ ಉಳಿದಿದೆ. ಮಿಕ್ಸರ್ ಬಂತು, ಗ್ಯಾಸ್ ಬಂತು, ಕುಕ್ಕರ್ ಬಂತು, ಆದರೆ ಐದು ತಾಸಿನ ಕೆಲಸ ಹೆಂಗಸಿನ ಹೆಸರಿಗೇ ಇದೆ. ನಿನ್ನ ಹಾಗೆ ಹೊರಗೆ ದುಡಿಯುವವಳಿಗೆ ಇದು ಎಷ್ಟು ಅನ್ಯಾಯ ಅನ್ನೋದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹೇಗೆ ಶುರು ಮಾಡೋದು ಅಂತ ಹೇಳುತ್ತೇನೆ. ಒಲೆ ಮುಂದೆ ಬೆವರು ಒರೆಸಿಕೊಳ್ಳುತ್ತಾ ಈ ಮಾತು ತೆಗೆಯಬೇಡ, ಅದು ಜಗಳವಾಗಿ ಮುಗಿಯುತ್ತದೆ. ರವಿವಾರ ಚಹಾ ಕುಡಿಯುವಾಗ ಕೂತು ಹೇಳು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಅಡುಗೆ ನಿಮ್ಮದು, ಆ ಮೂರು ದಿನ ನಾನು ಒಳಗೆ ಬರೋದಿಲ್ಲ, ನೀವು ಏನು ಮಾಡಿದರೂ ಉಣ್ಣುತ್ತೇನೆ, ಅಂತ. ಆ ಮೂರು ದಿನದ ಕಾಯಿಪಲ್ಯ, ಕಿರಾಣಿ ಕೂಡ ಅವರೇ ತರಲಿ. ತಂದವರಿಗೆ ತಾನೇ ಏನಿದೆ ಏನಿಲ್ಲ ಗೊತ್ತಾಗೋದು. ಒಂದು ಸಂಜೆ ಅವರನ್ನು ಕೂರಿಸಿಕೊಂಡು ಜೀರಿಗೆ ಎಲ್ಲಿ, ಸಾಸಿವೆ ಎಲ್ಲಿ, ಮಸಾಲೆ ಖಾರ ಯಾವ ಡಬ್ಬಿಯಲ್ಲಿದೆ ಎಲ್ಲ ತೋರಿಸಿಬಿಡು. ಒಂದೇ ಸಲ. ಆಮೇಲೆ ‘ಇಂಗು ಎಲ್ಲೈತಿ’ ಅಂತ ಕೂಗಿದರೆ ಎದ್ದು ಹೋಗಬೇಡ, ಹುಡುಕಿಕೊಳ್ಳಲಿ.

ಸಂಜೆಗೆ ದೊಡ್ಡ ಅಡುಗೆ ಬೇಡವೇ ಬೇಡ. ಬೆಳಿಗ್ಗೆ ರೊಟ್ಟಿ ಆಗಿರುತ್ತದೆ. ಸಂಜೆಗೆ ಅನ್ನ, ಬೇಳೆ ಸಾರು ಸಾಕು. ಜುಣಕ ಕಲಿಸು, ಅದಕ್ಕೆ ಇಪ್ಪತ್ತು ನಿಮಿಷ ಕೂಡ ಬೇಡ. ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು, ಉಪ್ಪು ಅರಿಶಿನ ಹಾಕಿದ ನೀರು ಕುದಿಯುವಾಗ, ಮೊದಲೇ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿಟ್ಟ ಕಡಲೆ ಹಿಟ್ಟು ಸುರಿದು ಕೈ ಬಿಡದೆ ತಿರುವಿ, ಮುಚ್ಚಿ ಬೇಯಿಸಿದರೆ ಆಯ್ತು. ಮಡಿಕೆ ಕಾಳಿನ ಉಸುಳಿ ಇನ್ನೂ ಸುಲಭ, ಆದರೆ ಹಿಂದಿನ ದಿನವೇ ನೆನೆ ಹಾಕಿ ಮೊಳಕೆಗೆ ಕಟ್ಟಿಡಬೇಕು. ಆ ನೆನಪನ್ನೂ ಅವರೇ ಇಟ್ಟುಕೊಳ್ಳಲಿ. ಮರೆತರೆ ಆವತ್ತು ಮೊಸರನ್ನ, ಶೇಂಗಾ ಚಟ್ನಿ. ಅದರಿಂದ ಯಾರಿಗೂ ಏನೂ ಆಗಲ್ಲ.

ರೊಟ್ಟಿ ಬೇಕೇ ಬೇಕು ಅಂದರೆ ಕಟಕ ರೊಟ್ಟಿ ತಂದಿಟ್ಟುಕೊಳ್ಳಿ. ನಮ್ಮ ಕಡೆ ಈಗ ರೊಟ್ಟಿ ಮಾಡಿ ಮಾರುವ ಹೆಂಗಸರು, ಸ್ವಸಹಾಯ ಸಂಘಗಳು ಎಲ್ಲ ಊರಲ್ಲೂ ಇವೆ. ಒಣಗಿದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ. ರೊಟ್ಟಿ ಕೊಂಡರೆ ಮನೆತನದ ಮಾನ ಹೋಗುತ್ತದೆ ಅನ್ನುವವರ ಮಾತು ಕೇಳಬೇಡ. ಅದನ್ನು ಬಡಿದ ಹೆಂಗಸಿಗೆ ನಾಲ್ಕು ದುಡ್ಡು ಸಿಗುತ್ತದೆ, ನಿನಗೆ ಬೆಳಿಗ್ಗೆ ಅರ್ಧ ತಾಸು ಜಾಸ್ತಿ ನಿದ್ದೆ ಸಿಗುತ್ತದೆ.

ಇಷ್ಟು ಅವರ ಪಾಲಾಯ್ತು. ನಿನ್ನ ಪಾಲಿಗೆ ಬರೋದು ಕಷ್ಟದ್ದೇ. ಆ ಮೂರು ಸಂಜೆ ನೀನು ಒಳಗೆ ಹೋಗಬಾರದು. ಹಿಂದೆ ನಿಂತು ‘ಎಣ್ಣೆ ಇಷ್ಟ್ಯಾಕ, ಉರಿ ಸಣ್ಣ ಮಾಡ್ರಿ’ ಅಂದೆಯೋ, ಹೊಸದಾಗಿ ಬೈಕ್ ಕಲಿಯುವವನ ಹಿಂದೆ ಕೂತು ಬ್ರೇಕ್ ಬ್ರೇಕ್ ಅಂತ ಕೂಗಿದ ಹಾಗೆ, ಅವರಿಗೂ ಬರಲ್ಲ, ನಿನಗೂ ನೆಮ್ಮದಿ ಇಲ್ಲ. ಸಾರು ನೀರಾಗುತ್ತದೆ, ಅನ್ನ ಮುದ್ದೆ ಆಗುತ್ತದೆ, ಊಟ ಒಂಬತ್ತೂವರೆಗೆ ಬರುತ್ತದೆ. ಉಣ್ಣು. ಮಕ್ಕಳೂ ಉಣ್ಣಲಿ. ಅವರು ಕಟ್ಟೆ ಒರೆಸದೆ ಹೋದರೆ ಬೆಳಿಗ್ಗೆ ಐದಕ್ಕೆ ಎದ್ದು ನೀನೇ ಒರೆಸುವ ಆಸೆ ಬರುತ್ತದೆ, ಅಲ್ಲಿ ಗಟ್ಟಿಯಾಗಿರು. ಅವರನ್ನು ಎಬ್ಬಿಸು. ಕಟ್ಟೆ ಖಾಲಿ ಇಲ್ಲದೆ ರೊಟ್ಟಿ ಬಡಿಯಲು ಆಗಲ್ಲ ಅಂತ ಹೇಳು. ನಿಜವಾದ ಮಾತೇ ಅಲ್ವಾ ಅದು.

ಇನ್ನು ಅತ್ತೆ. ಅವರಿಗೆ ಈ ಬದಲಾವಣೆಯನ್ನು ನೀನು ಹೇಳಬೇಡ, ಮಗ ಹೇಳಲಿ. ‘ಅವ್ವಾ, ಇವತ್ತಿಂದ ಸಂಜಿ ಅಡಿಗಿ ನಾ ಮಾಡ್ತೀನಿ’ ಅಂತ ಮಗನ ಬಾಯಿಂದ ಬಂದರೆ ಅದು ಮಗನ ತೀರ್ಮಾನ. ನಿನ್ನ ಬಾಯಿಂದ ಬಂದರೆ ಸೊಸೆ ಗಂಡನನ್ನು ಒಲೆಗೆ ಹಚ್ಚಿದಳು ಅಂತಾಗುತ್ತದೆ. ಮಾತು ಒಂದೇ ಆದರೂ ನಮ್ಮ ಮನೆಗಳಲ್ಲಿ ಯಾರು ಆಡಿದರು ಅನ್ನೋದು ತುಂಬ ಮುಖ್ಯ.

ಅಕ್ಕಾರ, ನಮ್ಮ ಮದುವೆಯಾಗಿ ಒಂದು ವರ್ಷ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಪಲ್ಯ, ಸಾರು ನಾನು ಮಾಡುತ್ತೇನೆ, ರೊಟ್ಟಿ ಮಾತ್ರ ನನ್ನ ಹೆಂಡತಿಯೇ ಬಡಿಯಬೇಕು. ಅವಳಿಗೆ ಮುಂಗೈ ನೋವು ಬಂದಿದೆ. ನಾನು ಕಲಿಯೋಣ ಅಂತ ಕೂತರೆ ರೊಟ್ಟಿ ಅಂಚೆಲ್ಲ ಒಡೆಯುತ್ತದೆ, ಎತ್ತಿದರೆ ಹರಿಯುತ್ತದೆ. ನಮ್ಮವ್ವ ನಗುತ್ತಾಳೆ, ‘ಗಂಡಸರ ಕೈಗೆ ರೊಟ್ಟಿ ಬರೂದಿಲ್ಲ’ ಅಂತಾಳೆ. ನಿಜವಾ?
— ಓದುಗರು, ವಿಜಯಪುರ

ತಮ್ಮಾ, ನಿಜ ಅಲ್ಲ. ನಿನ್ನ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಮೊದಲು ಇದಕ್ಕೇ ಉತ್ತರ ಬರೆಯಲು ಕೂತೆ. ಹೆಂಡತಿಯ ಮುಂಗೈ ನೋವನ್ನು ಮೊದಲು ಡಾಕ್ಟರಿಗೆ ತೋರಿಸು. ಅದು ಕಡಿಮೆ ಆಗುವವರೆಗೆ ಅವಳು ಹಿಟ್ಟಿಗೆ ಕೈ ಹಾಕದಿರಲಿ.

ರೊಟ್ಟಿ ಒಡೆಯೋದಕ್ಕೂ ಗಂಡಸಿನ ಕೈಗೂ ಸಂಬಂಧ ಇಲ್ಲ, ಜೋಳಕ್ಕೆ ಇದೆ. ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ, ಅದು ಹಿಟ್ಟನ್ನು ಎಳೆದರೆ ಬರುವ ಹಾಗೆ ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟಿಗೆ ಜಿಗಿ ಬರಬೇಕಾದರೆ ಕುದಿಯುವ ನೀರು ಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿಯೋದು. ಉಗುರು ಬೆಚ್ಚಗಿನ ನೀರಲ್ಲಿ ಕಲಸಿದರೆ ಎಂಥ ಕೈಯಾದರೂ ರೊಟ್ಟಿ ಒಡೆಯುತ್ತದೆ. ಎಸರು ಕೊತಕೊತ ಕುದಿಯಲಿ. ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಂಡಿ ಮಾಡಿ, ಆ ಎಸರು ಸುರಿದು, ಚಮಚದಿಂದ ಕಲಸಿ ಐದು ನಿಮಿಷ ಮುಚ್ಚಿಡು. ಎರಡು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಬಟ್ಟಲು ನೀರಿನಿಂದ ಶುರು ಮಾಡು, ಬೇಕಾದರೆ ನಾದುವಾಗ ಕೈ ಅದ್ದಿಕೊಂಡರಾಯ್ತು. ಎಲ್ಲ ಹಿಟ್ಟನ್ನು ಒಮ್ಮೆಲೇ ನಾದಬೇಡ. ಒಂದು ರೊಟ್ಟಿಗೆ ಬೇಕಾದಷ್ಟು ಮಾತ್ರ ತೆಗೆದುಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದು. ಒಡಕಿಲ್ಲದೆ ನುಣ್ಣಗೆ ಉಂಡೆ ಬರುವವರೆಗೆ. ಹೊಸಬರು ಸೋಲುವುದು ಇಲ್ಲೇ. ಬೇಗ ಬಿಟ್ಟುಬಿಡುತ್ತಾರೆ.

ಹಿಟ್ಟು ಹೊಸದಿರಬೇಕು. ಗಿರಣಿಯಿಂದ ತಂದು ಬಹಳ ದಿನ ಇಟ್ಟ ಹಿಟ್ಟು ಜಿಗಿ ಕಳೆದುಕೊಂಡು ಒಡೆಯುತ್ತದೆ, ಕಹಿಯೂ ಬರುತ್ತದೆ. ಹತ್ತು ದಿನಕ್ಕಾಗುವಷ್ಟೇ ಬೀಸಿಸು. ನಿನ್ನ ಜಿಲ್ಲೆಯಲ್ಲೇ ಹಿಂಗಾರಿಗೆ ಬೆಳೆಯುವ ಬಿಳಿ ಮಾಲದಂಡಿ ಜೋಳ ಸಿಗುವಾಗ ಬೇರೆ ಜೋಳ ಯಾಕೆ?

ಬಡಿಯುವಾಗ ಕೆಳಗೆ ಒಣ ಹಿಟ್ಟು ಧಾರಾಳ ಇರಲಿ. ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ ರೊಟ್ಟಿ ತಾನೇ ತಿರುಗಬೇಕು, ತಿರುಗದೆ ಅಂಟಿದರೆ ಅಲ್ಲೇ ಎತ್ತಿ ಮತ್ತೆ ಹಿಟ್ಟು ಹಾಕು. ಹಂಚು ಚೆನ್ನಾಗಿ ಕಾದಿರಲಿ. ರೊಟ್ಟಿ ಹಾಕಿದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಹಚ್ಚು, ಒಣ ಹಿಟ್ಟು ಹೋಗುತ್ತದೆ. ಆ ನೀರು ಆರುತ್ತಿರುವಾಗಲೇ ತಿರುವಿ ಹಾಕು. ಪೂರ್ತಿ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ಮತ್ತೊಮ್ಮೆ ತಿರುವಿ ಬಟ್ಟೆಯಿಂದ ಒತ್ತಿದರೆ ಉಬ್ಬುತ್ತದೆ.

ಮೊದಲು ಅಂಗೈ ಅಗಲದ ಸಣ್ಣ ರೊಟ್ಟಿ ಮಾಡು. ಅವ್ವನ ಹಾಗೆ ಹಂಚು ತುಂಬುವ ರೊಟ್ಟಿ ಮೊದಲ ತಿಂಗಳು ಬೇಡ. ಬಡಿಯಲು ಬರೋದೇ ಇಲ್ಲ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಕುದಿಯುವ ನೀರಿಗೇ ಹಿಟ್ಟು ಹಾಕಿ, ಉರಿ ಸಣ್ಣ ಮಾಡಿ ಉಕ್ಕರಿಸಿ, ಆಮೇಲೆ ನಾದಿಕೊಂಡರೆ ಲಟ್ಟಣಿಗೆಯಿಂದ ಲಟ್ಟಿಸಲೂ ಬರುತ್ತದೆ. ಬಡಿದದ್ದೇ ರೊಟ್ಟಿ ಅಂತ ಹಟ ಹಿಡಿಯುವವರಿದ್ದಾರೆ, ಹಿಡಿಯಲಿ. ಹೆಂಡತಿಯ ಕೈ ಮುಖ್ಯ.

ಅವ್ವನ ನಗುವಿಗೆ ಬೇಜಾರು ಮಾಡಿಕೊಳ್ಳಬೇಡ. ‘ಬಾ ಅವ್ವಾ, ಪಕ್ಕಕ್ಕ ಕುಂತು ಕಲಿಸು’ ಅನ್ನು. ಅವರು ನಿನ್ನ ಹೆಂಡತಿಯ ವಯಸ್ಸಿನಲ್ಲಿದ್ದಾಗ ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತಿದ್ದರು, ಅವರ ಮುಂಗೈ ನೋಯುತ್ತಿತ್ತಾ ಅಂತ ಕೇಳು. ಬಹುಶಃ ಇದುವರೆಗೆ ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಕ್ಕಿಲ್ಲ.

ಮೇಡಂ, ನಾನು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ನುರಿಸುವ ಸೀಸನ್ನಿನಲ್ಲಿ ಪಾಳಿ ಮೇಲೆ ಪಾಳಿ, ಮೈ ಮುರಿದು ಹೋಗುತ್ತದೆ. ಹೆಂಡತಿ ಮನೆಯಲ್ಲೇ ಇರುತ್ತಾಳೆ, ಎರಡು ವರ್ಷದ ಮಗು ಇದೆ, ಎರಡು ಎಮ್ಮೆ ಇವೆ. ಈಗ ಅವಳು ನೀವೂ ಒಂದು ಹೊತ್ತು ಅಡುಗೆ ಮಾಡಬೇಕು ಅನ್ನುತ್ತಾಳೆ. ಇದು ನ್ಯಾಯವಾ?
— ಓದುಗರು, ಮುಧೋಳ

ನ್ಯಾಯವೇ. ಆದರೆ ನಿಮ್ಮ ದಣಿವನ್ನೂ ನಾನು ಸುಳ್ಳು ಅನ್ನುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಒಲೆ ಮುಂದೆ ನಿಲ್ಲಬೇಕು ಅಂತ ಯಾರೂ ಹೇಳಬಾರದು. ಹಾಗಾಗಿ ನಿಮ್ಮ ಮನೆಯಲ್ಲಿ ಪಾಲು ಪಾಳಿಯ ಮೇಲೆ ಹೋಗಲಿ. ರಾತ್ರಿ ಪಾಳಿಯ ವಾರ ಪೂರ್ತಿ ಬಿಡಿ, ಬರೀ ನಿಮ್ಮ ಡಬ್ಬಿ, ನಿಮ್ಮ ತಾಟು ನೀವೇ ತೊಳೆಯಿರಿ. ಹಗಲು ಪಾಳಿಯ ವಾರ ಎರಡು ಸಂಜೆ ನಿಮ್ಮದು. ವಾರದ ರಜೆ ಇದ್ದ ದಿನ ಒಂದು ಹೊತ್ತು ನಿಮ್ಮದು, ಮಗುವಿಗೆ ಉಣಿಸುವುದೂ ಸೇರಿ. ಸೀಸನ್ ಮುಗಿದು ಕಾರ್ಖಾನೆ ನಿಂತ ಮೇಲೆ ದಿನಾ ಸಂಜೆ ನೀವೇ ಮಾಡಿ, ಆಗ ನಿಮಗೆ ಪುರುಸೊತ್ತು ಇರುತ್ತದೆ, ಅವರಿಗೆ ಇರುವುದಿಲ್ಲ. ಎಮ್ಮೆಗೆ ಸೀಸನ್ ಇಲ್ಲ, ಎರಡು ವರ್ಷದ ಮಗುವಿಗೂ ಇಲ್ಲ.

‘ಮನೆಯಲ್ಲೇ ಇರುತ್ತಾಳೆ’ ಅಂತ ಬರೆದು, ಅದೇ ಸಾಲಿನಲ್ಲಿ ಮಗು, ಎಮ್ಮೆ ಎರಡನ್ನೂ ನೀವೇ ಹೇಳಿದ್ದೀರಿ. ಹಾಲು ಕರೆಯೋದು, ಸಗಣಿ ಬಳಿಯೋದು, ಮೇವು ಹಾಕೋದು, ಮಗುವಿನ ಹಿಂದೆ ಓಡೋದು, ಅದರ ನಡುವೆ ಎರಡು ಹೊತ್ತು ಅಡುಗೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಸ್ತೆ ಅಪಘಾತದ ಪರಿಹಾರದ ಒಂದು ಕೇಸಿನಲ್ಲಿ ಮನೆಯಲ್ಲಿದ್ದು ದುಡಿಯುವ ಗೃಹಿಣಿಯ ಕೆಲಸಕ್ಕೂ ಆದಾಯದ ಬೆಲೆ ಕಟ್ಟಲೇಬೇಕು, ಅವಳು ಏನೂ ದುಡಿಯುವುದಿಲ್ಲ ಅನ್ನುವ ಕಲ್ಪನೆ ತಪ್ಪು ಅಂತ ಹೇಳಿದೆ. ಆ ತೀರ್ಪಿನಲ್ಲಿ ನಾನು ಮೇಲೆ ಹೇಳಿದ 299 ನಿಮಿಷದ ಲೆಕ್ಕವೂ ಇದೆ. ನಿಮ್ಮ ಹೆಂಡತಿ ಕೋರ್ಟಿಗೆ ಹೋಗಿಲ್ಲ, ಒಂದು ಹೊತ್ತು ಕೇಳಿದ್ದಾರೆ ಅಷ್ಟೇ. ಕೊಡಿ.

ನಮಸ್ಕಾರ. ಓದಾಕ ಬರತೈತಿ, ಬರಿಯೂದು ಮೊಮ್ಮಗಳ ಕೈಯಿಂದ. ಮಗನ ಮನೆಗೆ ಬಂದರೆ ಅವನು ಒಲೆ ಮುಂದೆ ನಿಂತಿರುತ್ತಾನೆ, ಸೊಸೆ ಮೊಬೈಲ್ ಹಿಡಿದು ಕೂತಿರುತ್ತಾಳೆ. ನನ್ನ ಮಗನನ್ನು ನಾನು ಹೀಗೆ ಬೆಳೆಸಿರಲಿಲ್ಲ. ಹೊಟ್ಟೆ ಉರಿಯುತ್ತದೆ. ಹೇಳಿದರೆ ಕೆಟ್ಟವಳಾಗುತ್ತೇನೆ.
— ಜಮಖಂಡಿ ತಾಲ್ಲೂಕಿನಿಂದ

ಅವ್ವಾ, ನಮಸ್ಕಾರ. ಹೊಟ್ಟೆ ಉರಿಯುವುದು ಸಹಜ, ಮಗನ ಮೇಲಿನ ಪ್ರೀತಿ ಅದು. ಆದರೆ ಒಂದು ಮಾತು ಕೇಳಿ. ಸೊಸೆ ಸಂಜೆ ಮೊಬೈಲ್ ಹಿಡಿದಿದ್ದನ್ನು ನೀವು ನೋಡಿದ್ದೀರಿ. ಬೆಳಿಗ್ಗೆ ಯಾರು ಒಲೆ ಹಚ್ಚಿದ್ದು ಅಂತ ನೋಡಿದ್ದೀರಾ? ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಇಬ್ಬರನ್ನೂ ಸುಮ್ನೆ ನೋಡಿ. ನಿಜಕ್ಕೂ ಎಲ್ಲ ಹೊರೆ ಮಗನ ಮೇಲೇ ಇದ್ದರೆ ಮಗನನ್ನೇ ಕೇಳಿ, ನಿನಗೆ ಜಾಸ್ತಿ ಆಗ್ತಿದೆಯಾ ಅಂತ. ಸೊಸೆಯನ್ನು ಬೇಡ.

ಒಲೆ ಮುಂದೆ ನಿಲ್ಲುವುದು ಗಂಡಸಿಗೆ ಕಡಿಮೆ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ನಿಮ್ಮ ತಾಲ್ಲೂಕಿನ ಸುತ್ತಮುತ್ತಲೇ ನೋಡಿ. ಮಹಾಲಿಂಗಪುರ ಬೆಲ್ಲಕ್ಕೆ ಹೆಸರು ಮಾಡಿದೆ, ಗಾಣದಲ್ಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ಹದ ನೋಡುವವರು ಗಂಡಸರು. ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ ಮಾಡುವ ಕಡೆ ಬಾಣಲೆ ತಿರುವುವವರಲ್ಲಿ ಗಂಡಸರೇ ಜಾಸ್ತಿ. ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ ನೂರಾರು ಜನಕ್ಕೆ ಹುಗ್ಗಿ ಮಾಡುವ ದೊಡ್ಡ ಹಂಡೆಗೆ ಸೌಟು ಹಾಕುವುದೂ ಗಂಡಸರೇ, ಅದನ್ನು ಸೇವೆ ಅಂತ ಕೈ ಮುಗಿಯುತ್ತೇವೆ. ಊರಿಗೆ ಹುಗ್ಗಿ ಮಾಡಿದ ಕೈ ಹೆಂಡತಿ ಮಕ್ಕಳಿಗೆ ಸಾರು ಮಾಡಿದರೆ ಅದು ಹೇಗೆ ಕಡಿಮೆ ಆಗುತ್ತದೆ?

ಪಂಚಮಿಗೆ ತವರಿಗೆ ಹೋಗುವಾಗ ನೀವೂ ಬುಟ್ಟಿ ತುಂಬ ರೊಟ್ಟಿ ಬಡಿದಿಟ್ಟು ಹೋಗಿರುತ್ತೀರಿ, ಮನೆಯಲ್ಲಿ ಗಂಡಸರು ಉಪವಾಸ ಬೀಳಬಾರದು ಅಂತ. ನಿಮ್ಮ ಮಗನ ಮನೆಯಲ್ಲಿ ಆ ಚಿಂತೆ ಇಲ್ಲ. ಮುಂದಿನ ಸಲ ಹೋದಾಗ ನಿಮ್ಮ ಕೈಯ ಗುರೆಳ್ಳು ಚಟ್ನಿ, ಪುಂಡಿ ಪಲ್ಯ ಅವನಿಗೇ ಕಲಿಸಿ. ಮೊಮ್ಮಗಳೂ ಪಕ್ಕದಲ್ಲಿ ಕೂರಲಿ, ಮೊಮ್ಮಗ ಇದ್ದರೆ ಅವನೂ.

ಇಬ್ಬರೂ ಖಾಸಗಿ ಕಂಪನಿಯಲ್ಲಿದ್ದೇವೆ. ಜಗಳವೇ ಬೇಡ ಅಂತ ಅಡುಗೆಗೆ ಒಬ್ಬ ಅಕ್ಕನನ್ನು ಇಟ್ಟುಕೊಂಡೆವು. ಆದರೂ ಜಗಳ ನಿಂತಿಲ್ಲ. ‘ದುಡ್ಡು ಕೊಡ್ತಿದ್ದೀವಲ್ಲ, ಇನ್ನೇನು’ ಅಂತ ಗಂಡ ಕೇಳುತ್ತಾರೆ.
— ಓದುಗರು, ಟಿಳಕವಾಡಿ, ಬೆಳಗಾವಿ

ಆ ಅಕ್ಕ ಬರದ ದಿನ ಫೋನ್ ಮಾಡುವವರು ಯಾರು? ನಾಳೆ ಏನು ಮಾಡಬೇಕು ಅಂತ ಅವರಿಗೆ ಹೇಳುವವರು, ಸಾಮಾನು ತೆಗೆದಿಡುವವರು, ಬಾಗಿಲು ತೆಗೆಯಲು ಬೇಗ ಏಳುವವರು? ನಾಲ್ಕೂ ನೀವೇ ಆಗಿದ್ದರೆ ಜಗಳ ನಿಲ್ಲುವುದು ಹೇಗೆ. ಅಡುಗೆಯವರ ನಂಬರ್ ನಿಮ್ಮ ಗಂಡನ ಫೋನಿಗೆ ಹೋಗಲಿ. ಮುಂದಿನ ತಿಂಗಳು ಪೂರ್ತಿ ಅವರ ಜೊತೆ ಮಾತು, ಸಂಬಳ, ರಜೆ, ಸಾಮಾನು ಎಲ್ಲ ಗಂಡನದು. ಅದರ ಮುಂದಿನ ತಿಂಗಳು ನಿಮ್ಮದು. ಅವರು ಬರದ ದಿನ ಯಾರ ತಿಂಗಳೋ ಅವರೇ ಅಡುಗೆ. ಇನ್ನೊಂದು ಮಾತು, ವಾರಕ್ಕೊಂದು ರಜೆ ಅವರಿಗೂ ಕೊಡಿ, ಸಂಬಳ ಹಿಡಿಯದೆ. ಅವರ ಮನೆಯಲ್ಲೂ ಒಲೆ ಇದೆ, ನಿಮ್ಮಲ್ಲಿ ಮುಗಿಸಿ ಹೋಗಿ ಅಲ್ಲಿಯೂ ಅವರೇ ಮಾಡುತ್ತಾರೆ.

ಅಕ್ಕಾವರೇ, ನಮ್ಮದು ಉಲ್ಟಾ. ಮನೆ ಮುಂದೆಯೇ ನನ್ನ ಟೇಲರಿಂಗ್ ಅಂಗಡಿ, ಹೆಂಡತಿ ದವಾಖಾನೆಯಲ್ಲಿ ನರ್ಸ್. ಮೊದಲಿಂದಲೂ ಎರಡೂ ಹೊತ್ತು ನಾನೇ ಅಡುಗೆ ಮಾಡುತ್ತಾ ಬಂದೆ. ಈಗ ಬೇಸತ್ತಿದ್ದೇನೆ. ಅವಳಿಗೆ ಹೇಳಿದರೆ ‘ನಿಮ್ಮ ಕೈ ರುಚಿ ನನಗೆ ಬರೂದಿಲ್ರಿ’ ಅಂತಾಳೆ. ಹೊರಗೆ ಹೇಳಿಕೊಂಡರೆ ಗಂಡಸರು ನಗುತ್ತಾರೆ.
— ಓದುಗರು, ಶಹಾಪುರ, ಬೆಳಗಾವಿ

ನಗುವವರನ್ನು ಬಿಡಿ. ವರ್ಷಗಟ್ಟಲೆ ಎರಡು ಹೊತ್ತು ಅಡುಗೆ ಮಾಡಿದವರಿಗೆ ಬೇಸರ ಬಂದೇ ಬರುತ್ತದೆ, ಅದಕ್ಕೆ ಗಂಡು ಹೆಣ್ಣು ಅಂತಿಲ್ಲ. ನವನಗರದ ತಂಗಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಒಂದು ಹೊತ್ತನ್ನು ಪೂರ್ತಿ ಬಿಟ್ಟುಕೊಡಿ. ನೀವು ಕೆಲಸ ಹಂಚಿಲ್ಲ, ಎಲ್ಲವನ್ನೂ ಚೆನ್ನಾಗಿ ಮಾಡುತ್ತಾ ಬಂದಿರಿ, ಹಾಗಾಗಿ ಅವರಿಗೆ ಅಡುಗೆಮನೆ ಪರರ ಮನೆ ಆಗಿಬಿಟ್ಟಿದೆ. ನಿಮ್ಮ ಕೈ ರುಚಿ ಅವರಿಗೆ ಬರಬೇಕಾಗಿಲ್ಲ, ಅವರದೇ ರುಚಿ ಬರಲಿ. ಅವರು ಅದನ್ನು ಹೊಗಳಿಕೆ ಅಂತಲೇ ಹೇಳುತ್ತಿರಬಹುದು, ಆದರೂ ಅದನ್ನು ಕೇಳಿಕೊಂಡು ಮತ್ತೆ ಒಳಗೆ ಹೋಗಬೇಡಿ.

ನರ್ಸ್ ಡ್ಯೂಟಿ ಎಂದರೆ ನಿಂತೇ ಇರುವ ಕೆಲಸ, ರಾತ್ರಿ ಪಾಳಿಯೂ ಇರುತ್ತದೆ. ಅದನ್ನು ನೋಡಿಕೊಂಡು ಯಾವ ಹೊತ್ತು ಅನ್ನೋದನ್ನು ಅವರೇ ಆರಿಸಲಿ. ನಿಜಕ್ಕೂ ಅವರಿಗೆ ಒಲೆ ಮುಂದೆ ನಿಲ್ಲುವುದೇ ಬೇಡ ಅನ್ನಿಸಿದರೆ ಅದನ್ನೂ ಬಾಯಿಬಿಟ್ಟು ಹೇಳಲಿ. ಆಗ ಕಾಯಿಪಲ್ಯ, ಕಿರಾಣಿ, ಭಾಂಡೆ, ಗಿರಣಿ ಎಲ್ಲ ಅವರ ಕಡೆ ಹೋಗಬೇಕು, ವಾರಕ್ಕೆರಡು ಸಂಜೆ ಹತ್ತಿರದ ಖಾನಾವಳಿಯಿಂದ ಊಟ ತರುವುದೂ ಅವರ ಜವಾಬ್ದಾರಿ ಆಗಬೇಕು. ಬೆಳಗಿನ ನಾಷ್ಟಾ ಆರಿಸಿಕೊಂಡರೆ ತುಂಬ ಒಳ್ಳೆಯದು. ಮೊದಲ ವಾರ ದಿನಾ ಅವಲಕ್ಕಿಯೇ ಬಂದರೂ ತಿನ್ನಿ, ಆ ಹೊತ್ತಿಗೆ ಅಂಗಡಿ ಬಾಗಿಲು ತೆಗೆದು ಮಷಿನ್ ಮೇಲೆ ಕೂತುಬಿಡಿ.